ಕೊಂಬೆಯ ಬುಡ ದೇವರ ಕಡೆಗೆ

ಹೊಸ ಕಾರ್ಖಾನೆಯ ಜಿಚಿನ್‌ಸಾಯ್‌ಗೆ ಬರಲು ಕಂಪನಿಯವರು ಹೇಳಿದ್ದಾರೆ, ಅಲ್ಲಿ ಕೈಗೊಂದು ಕೊಂಬೆ ಕೊಡುತ್ತಾರಂತೆ, ನಮ್ಮದಲ್ಲದ ದೇವರ ಮುಂದೆ ಏನು ಮಾಡಲಿ ಎಂದು ಕೇಳಿದ್ದೀರಿ. ಜಪಾನಿಗೆ ಬಂದ ಮೂರೇ ತಿಂಗಳಲ್ಲಿ ನಿಮಗೆ ಈ ಕರೆ ಬಂದಿದೆ. ನಗೋಯಾದಲ್ಲಿ ನಾನು ಇದಕ್ಕಾಗಿ ಆರು ವರ್ಷ ಕಾದಿದ್ದೆ. ಧಾರಾಳವಾಗಿ ಹೋಗಿ ಬನ್ನಿ.

ಜಿಚಿನ್‌ಸಾಯ್ ಎಂದರೆ ನಮ್ಮ ಗುದ್ದಲಿ ಪೂಜೆಯೇ, ಇಲ್ಲಿನ ಶಿಂಟೋ ಧರ್ಮದ ರೀತಿಯಲ್ಲಿ. ಖಾಲಿ ನಿವೇಶನದಲ್ಲಿ ನಾಲ್ಕು ಹಸಿ ಬಿದಿರು ನೆಟ್ಟು, ಸುತ್ತ ಹುಲ್ಲಿನ ಹಗ್ಗ ಕಟ್ಟಿ, ಒಳಗೆ ಪೀಠದ ಮೇಲೆ ಎಲೆ ತುಂಬಿದ ಕೊಂಬೆಯೊಂದನ್ನು ನಿಲ್ಲಿಸಿರುತ್ತಾರೆ. ವಿಗ್ರಹ ಎಲ್ಲಿದೆ ಎಂದು ಹುಡುಕಬೇಡಿ. ಆ ಕೊಂಬೆಯೇ ಹಿಮೊರೊಗಿ, ದೇವರು ಇಳಿದು ಕೂರುವ ಜಾಗ. ಕೊನೆಯಲ್ಲಿ ದೇವರನ್ನು ಬೀಳ್ಕೊಡುತ್ತಾರೆ. ಗಣಪತಿಯನ್ನು ಕೂರಿಸಿ ಬಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಮರದ ಹೆಸರು ಸಕಾಕಿ. ಅದರ ಅಕ್ಷರ ಜಪಾನಿನಲ್ಲೇ ಹುಟ್ಟಿದ್ದು: ಎಡಕ್ಕೆ ‘ಮರ’, ಬಲಕ್ಕೆ ‘ದೇವರು’. 712ರ ಪುರಾಣಗ್ರಂಥ ಕೊಜಿಕಿಯಲ್ಲಿ ಸೂರ್ಯದೇವತೆ ಅಮಾತೆರಾಸು ಮುನಿಸಿಕೊಂಡು ಗುಹೆ ಸೇರಿದಾಗ, ಉಳಿದ ದೇವತೆಗಳು ಬೇರುಸಹಿತ ಕಿತ್ತು ತಂದು ಮಣಿ, ಕನ್ನಡಿ, ಬಟ್ಟೆ ತೂಗಿಬಿಟ್ಟದ್ದು ಈ ಮರಕ್ಕೇ. ಸದಾ ಹಸಿರಾದ, ಅಂಚು ನುಣುಪಾದ ಎಲೆ. ಟೋಕಿಯೊ ಕಡೆ ಇದರ ಬದಲು ಹೆಚ್ಚಾಗಿ ಗರಗಸದಂಚಿನ ಹಿಸಕಾಕಿ ಬಳಸುತ್ತಾರೆ. ಸೂಪರ್‌ಮಾರ್ಕೆಟ್ಟಿನಲ್ಲಿ ಹೂವಿನ ಪಕ್ಕ ಕಟ್ಟು ಕಟ್ಟಾಗಿ ಇಟ್ಟಿರುತ್ತಾರೆ. ಒಗ್ಗರಣೆಗೆ ಆದೀತೇನೋ ಎಂದು ಮೊದಲ ಸಲ ನಾನು ಮೂಸಿ ನೋಡಿದ್ದೆ!

ಮೊದಲು ಎಲ್ಲರೂ ಎದ್ದು ತಲೆ ಬಾಗಿಸಬೇಕು. ಅರ್ಚಕರು ಓನುಸಾ ಹಿಡಿದು ಬರುತ್ತಾರೆ. ಕೋಲಿನ ತುದಿಗೆ ಬಿಳಿ ಕಾಗದದ ಪಟ್ಟಿಗಳ ಗೊಂಚಲು, ಹೆಚ್ಚುಕಡಿಮೆ ಚಾಮರದಂತೆ. ಅದನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಬೀಸುತ್ತಾರೆ. ಪುಣ್ಯಾಹದ ಮಾವಿನೆಲೆಯಿಂದ ಸಿಡಿಯುವಂತೆ ನೀರು ಬೀಳುತ್ತದೆಂದು ನಾನು ಕಣ್ಣು ಬಿಗಿಮುಚ್ಚಿ ನಿಂತಿದ್ದೆ. ಏನೂ ಬೀಳಲಿಲ್ಲ, ಕಾಗದದ ಸರಸರ ಸದ್ದಷ್ಟೇ. ಅವರು ಕಳೆಯುವುದು ಕೆಗಾರೆಯನ್ನು. ಅದು ಪಾಪವಲ್ಲ, ನಮ್ಮ ಸೂತಕಕ್ಕೆ ಹತ್ತಿರದ್ದು. ನೀವು ಏನೂ ಮಾಡದೆಯೂ ಮೈಗೆ ಹತ್ತಿರುತ್ತದೆ.

ಇನ್ನು ನಿಮ್ಮ ಕೊಂಬೆ, ತಮಾಗುಶಿ. ಅದೂ ಸಕಾಕಿಯೇ, ಅಂಕುಡೊಂಕಾಗಿ ಮಡಿಸಿದ ಬಿಳಿ ಕಾಗದ ಕಟ್ಟಿರುತ್ತದೆ. ಬಲಗೈಯಿಂದ ಬುಡವನ್ನು ಮೇಲಿನಿಂದ ಹಿಡಿಯಿರಿ, ಎಡಗೈಯಿಂದ ಎಲೆಯನ್ನು ಕೆಳಗಿನಿಂದ ಆನಿಸಿ, ಎದೆಮಟ್ಟದಲ್ಲಿ ಒಯ್ಯಿರಿ. ಪೀಠದ ಮುಂದೆ ಬಾಗಿ, ಎಲೆಯ ತುದಿ ದೇವರ ಕಡೆಗಾಗುವಂತೆ ಪ್ರದಕ್ಷಿಣೆಯಾಗಿ ತಿರುಗಿಸಿ ಒಂದು ಕ್ಷಣ ನಿಲ್ಲಿ. ಆಮೇಲೆ ಕೈ ಬದಲಿಸಿ ಅದೇ ದಿಕ್ಕಿಗೆ ಇನ್ನೂ ತಿರುಗಿಸಿ, ಬುಡ ದೇವರ ಕಡೆಗೆ ಬಂದಾಗ ಇಡಿ. ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮತ್ತೊಮ್ಮೆ ಬಾಗುವುದು. ಮಂತ್ರವಿಲ್ಲ. ನಾನು ಗಾಬರಿಯಲ್ಲಿ ಎಲೆಯನ್ನೇ ದೇವರ ಕಡೆ ಮಾಡಿಟ್ಟು ಬಂದೆ. ನನ್ನ ಹಿಂದಿನ ಹಿರಿಯ ಮೇಸ್ತ್ರಿ ತಮ್ಮದನ್ನು ಇಡುವಾಗ ನನ್ನದನ್ನೂ ಮೆಲ್ಲಗೆ ತಿರುಗಿಸಿಟ್ಟರು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಮೇಲಾಗಿತ್ತು.

ಇದು ಧರ್ಮವೋ ಪದ್ಧತಿಯೋ ಎಂಬ ನಿಮ್ಮ ಸಂದೇಹ ಇಲ್ಲಿನವರಿಗೂ ಬಂದಿದೆ. ನಮ್ಮ ಪಕ್ಕದ ಮಿಯೆ ಪ್ರಾಂತದ ತ್ಸು ನಗರಾಡಳಿತ 1965ರಲ್ಲಿ ವ್ಯಾಯಾಮಶಾಲೆಯ ಜಿಚಿನ್‌ಸಾಯ್‌ಗೆ 7,663 ಯೆನ್ ಸಾರ್ವಜನಿಕ ಹಣ ಕೊಟ್ಟದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದು ರೂಢಿಯ ಆಚರಣೆ, ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 1977ರಲ್ಲಿ ತೀರ್ಪಾಯಿತು. ಆದರೂ ಹದಿನೈದು ನ್ಯಾಯಮೂರ್ತಿಗಳಲ್ಲಿ ಐವರು ಒಪ್ಪಲಿಲ್ಲ. ನನ್ನನ್ನು ಕೇಳಿದರೆ ಆ ಐವರ ಕಡೆಗೇ ವಾಲುತ್ತೇನೆ: ದೇವರನ್ನು ಕರೆದು ಕೂರಿಸಿ ಉಣಬಡಿಸಿದ ಮೇಲೆ ಬರೀ ರೂಢಿ ಎನ್ನುವುದು ಹೇಗೆ? ಆದರೆ ಇಷ್ಟು ವರ್ಷಗಳಲ್ಲಿ ನನ್ನ ನಂಬಿಕೆ ಏನೆಂದು ಇಲ್ಲಿ ಯಾರೂ ಕೇಳಿಲ್ಲ. ಅವರ ಕಣ್ಣು ನಿಮ್ಮ ಕೈಗಳ ಮೇಲಿರುತ್ತದೆ. ಕೊಂಬೆ ಅರ್ಪಿಸಲೇಬಾರದೆಂದು ನಿಮ್ಮ ಮನಸ್ಸು ಹೇಳಿದರೆ ಎರಡು ದಿನ ಮೊದಲೇ ತಿಳಿಸಿ, ಹೆಸರು ಪಟ್ಟಿಯಿಂದ ಬಿಡುತ್ತಾರೆ. ಅಲ್ಲಿ ಹೋಗಿ ನಿಂತು ಬೇಡವೆನ್ನಬೇಡಿ.

ಕಪ್ಪು ಸೂಟ್ ಸಾಕು. ಹಳೆಯ ಬೂಟು ಹಾಕಿಕೊಳ್ಳಿ, ಮಳೆ ಬಂದಿದ್ದರೆ ಕೆಸರಾಗಿರುತ್ತದೆ. ಕೊನೆಯಲ್ಲಿ ಪುಟ್ಟ ಬಟ್ಟಲಲ್ಲಿ ನೈವೇದ್ಯದ ಸಾಕೆ, ಅಂದರೆ ಅಕ್ಕಿಯ ಮದ್ಯ, ಕೊಡುತ್ತಾರೆ. ಕುಡಿಯದಿದ್ದರೆ ತುಟಿಗೆ ಮುಟ್ಟಿಸಿ ಇಟ್ಟರಾಯಿತು.