ಕಲ್ಲು ಕರಗುವುದು ಹೇಗೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಭೂಮಿಯೊಳಗೆ ಕರಗಿದ ಕಲ್ಲೇ ತುಂಬಿದೆ, ಬಿರುಕು ಸಿಕ್ಕಲ್ಲಿ ಅದು ಉಕ್ಕುತ್ತದೆ ಎಂದು ತಿಳಿದಿದ್ದೆ. ಮಗಳ ಪುಸ್ತಕದಲ್ಲಿ ಮ್ಯಾಂಟಲ್ (ಭೂಮಿಯ ಹೊರಪದರದ ಕೆಳಗಿನ ದಪ್ಪ ಪದರ) ಗಟ್ಟಿ ಎಂದಿದೆ. ಹಾಗಾದರೆ ಹವಾಯಿಯ ಲಾವಾ ಎಲ್ಲಿಂದ ಬರುತ್ತದೆ? (ಓದುಗರು, ಶಿವಮೊಗ್ಗ)

ಉತ್ತರ: ಮಗಳ ಪುಸ್ತಕದಲ್ಲಿರುವುದೇ ಸರಿ. ಸುಮಾರು 2,900 ಕಿ.ಮೀ. ಆಳದವರೆಗೆ ಹಬ್ಬಿರುವ ಮ್ಯಾಂಟಲ್ ಬಹುಪಾಲು ಗಟ್ಟಿ ಕಲ್ಲೇ. ಪೆರಿಡೊಟೈಟ್ ಎಂಬ ಆ ಕಲ್ಲು ನೆಲದ ಮೇಲಿದ್ದರೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ಗೆ ಕರಗತೊಡಗುತ್ತದೆ. 100 ಕಿ.ಮೀ. ಆಳದಲ್ಲಿ ಒತ್ತಡ ಸುಮಾರು 30,000 ಪಟ್ಟು ಹೆಚ್ಚು; ಅಲ್ಲಿ 1,450 ಡಿಗ್ರಿ ದಾಟಿದರೂ ಗಟ್ಟಿಯಾಗಿಯೇ ಉಳಿಯಬಲ್ಲದು.

ಬಿಸಿ ಕಲ್ಲು ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಮೇಲೇರುವಾಗ ಕಿಲೋಮೀಟರಿಗೆ ಅರ್ಧ ಡಿಗ್ರಿಯಷ್ಟು ತಣಿಯುತ್ತದೆ. ಆದರೆ ಅದು ಕರಗಲು ಬೇಕಾದ ಉಷ್ಣತೆ ಕಿಲೋಮೀಟರಿಗೆ ಮೂರು-ನಾಲ್ಕು ಡಿಗ್ರಿ ಇಳಿಯುತ್ತದೆ. ಎಲ್ಲೋ ಒಂದು ಕಡೆ ಎರಡೂ ಸಂಧಿಸುತ್ತವೆ, ಕಲ್ಲು ಕರಗತೊಡಗುತ್ತದೆ. ಯಾರೂ ಅದನ್ನು ಕಾಯಿಸಲಿಲ್ಲ. ಒತ್ತಡ ಇಳಿಯಿತು, ಅಷ್ಟೇ. ಉರಿ ಆರಿಸಿದ ಮೇಲೂ ಕುಕ್ಕರಿನ ವಿಸಿಲ್ ಎತ್ತಿದರೆ ಒಳಗಿನ ನೀರು ಕೊತಕೊತ ಕುದಿಯುತ್ತದಲ್ಲ, ಹಾಗೆ.

ಕಲ್ಲು ಪೂರ್ತಿ ಕರಗುವುದಿಲ್ಲ. ನೂರರಲ್ಲಿ ಐದರಿಂದ ಇಪ್ಪತ್ತು ಭಾಗ ಮಾತ್ರ ಕರಗಿ, ಹರಳುಗಳ ಸಂದಿಯಲ್ಲಿ ಜಿನುಗಿ, ಹಗುರವಾದ್ದರಿಂದ ಮೇಲೇರುತ್ತದೆ. ಆಲಿವಿನ್ ಎಂಬ ಹಸಿರು ಖನಿಜ ಬಹುತೇಕ ಹಿಂದೆಯೇ ಉಳಿಯುತ್ತದೆ. ಹೀಗೆ ಸೋಸಿ ಬಂದದ್ದೇ ಬಸಾಲ್ಟ್ ಎಂಬ ಕರಿಕಲ್ಲಿನ ಶಿಲಾರಸ; ಹವಾಯಿಯಲ್ಲಿ ಉಕ್ಕುವುದೂ ಅದೇ.

ಪ್ರಶ್ನೆ: ಒಂದೇ ಜ್ವಾಲಾಮುಖಿಯ ಲಾವಾ ಒಮ್ಮೆ ತೆವಳುತ್ತದೆ, ಒಮ್ಮೆ ಹೊಳೆಯಂತೆ ಹರಿಯುತ್ತದೆ. ಏಕೆ? (ಓದುಗರು, ಮೈಸೂರು)

ಉತ್ತರ: ಉಷ್ಣತೆ, ಹರಳು, ಅನಿಲ ಈ ಮೂರನ್ನೂ ನೋಡಬೇಕು. ಹವಾಯಿಯ ಕಿಲವೆಯಾ ಜ್ವಾಲಾಮುಖಿಯಲ್ಲಿ 2018ರ ಮೇ ತಿಂಗಳಲ್ಲಿ ಊರೊಳಗೇ ನೆಲ ಬಿರಿದಾಗ ಮೊದಲು ಬಂದದ್ದು ಮಂದವಾದ, ಅಂಟು ಲಾವಾ. 1955ರಲ್ಲಿ ಲಾವಾ ಉಕ್ಕಿದಾಗ ಹೊರಬಾರದೆ ಒಳಗೇ ಉಳಿದ ಶಿಲಾರಸ ದಶಕಗಳ ಕಾಲ ತಣಿದು, ಹರಳುಗಟ್ಟಿ ಹಾಗಾಗಿತ್ತು. ಅದರ ಹಿಂದೆಯೇ ಶಿಖರದ ಕಡೆಯಿಂದ ಬಿಸಿಯಾದ ಹೊಸ ಶಿಲಾರಸ ನುಗ್ಗಿತು. ಎಂಟನೇ ಬಿರುಕಿನಿಂದ ಹೊರಟ ಲಾವಾ ನದಿಯಾಗಿ ಹರಿದು ಸಮುದ್ರ ಸೇರಿತು. 700ಕ್ಕೂ ಹೆಚ್ಚು ಮನೆಗಳು ಹೋದವು. ಶಿಲಾರಸ ಬರಿದಾದಂತೆ, ಸುಮಾರು 40 ಕಿ.ಮೀ. ದೂರದ ಶಿಖರದ ಕುಳಿಯ ತಳ 500 ಮೀಟರಿನಷ್ಟು ಕುಸಿಯಿತು. ಅಪಾಯವನ್ನು ಅಂದಾಜಿಸುವಾಗ ಮೊದಲ ದಿನದ ನಿಧಾನವನ್ನು ನಂಬಬಾರದು.

ಇನ್ನು ಅನಿಲ. ತೆಳು ರಸದಲ್ಲಿ ಗುಳ್ಳೆಗಳು ಸುಲಭವಾಗಿ ಹೊರಬೀಳುತ್ತವೆ, ಹಾಗಾಗಿ ಲಾವಾ ಹೆಚ್ಚಾಗಿ ಕಾರಂಜಿಯಾಗಿ ಚಿಮ್ಮುತ್ತದೆ. 1959ರಲ್ಲಿ ಕಿಲವೆಯಾ ಶಿಖರದ ಬಳಿಯ ಕಿಲವೆಯಾ ಇಕಿ ಎಂಬ ಕುಳಿಯ ಕಾರಂಜಿ 580 ಮೀಟರ್ ಎತ್ತರಕ್ಕೇರಿತ್ತು. ಆದರೆ ನೆಲದ ನೀರೋ ಸಮುದ್ರದ ನೀರೋ ಸೇರಿದರೆ, ಅದು ಹಬೆಯಾಗಿ ಹಿಗ್ಗಿ, ತೆಳು ಬಸಾಲ್ಟೂ ಸಿಡಿಯಬಲ್ಲದು.

ಪ್ರಶ್ನೆ: ನಮ್ಮ ಬಾವಿ ತೋಡುವಾಗ ತೂತು ತೂತಾದ ಕರಿಕಲ್ಲು ಸಿಕ್ಕಿತು, ಕೆಲವು ತೂತುಗಳಲ್ಲಿ ಬಿಳಿ ಹರಳಿತ್ತು. ಏನದು? (ಓದುಗರು, ವಿಜಯಪುರ)

ಉತ್ತರ: ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖನ್ ಲಾವಾ. ತೂತುಗಳು ಹೊರಹೋಗಲಾರದೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು. ಹರಳು ಬಹುಶಃ ಜಿಯೋಲೈಟ್ ಅಥವಾ ಕ್ಯಾಲ್ಸೈಟ್ ಎಂಬ ಖನಿಜ, ನೀರು ಇಂಗಿ ಆಮೇಲೆ ಕೂಡಿಸಿದ್ದು. ಗುಳ್ಳೆಗಳು ಮೇಲೇರುವುದರಿಂದ ಪ್ರತಿ ಹರಿವಿನ ಮೇಲ್ಭಾಗ ತೂತಾಗಿ, ನಡುಭಾಗ ನಿಬಿಡವಾಗಿ ಉಳಿದಿದೆ. ಬಾವಿಯ ನೀರು ಸಾಮಾನ್ಯವಾಗಿ ಸವೆದ, ಬಿರುಕುಬಿಟ್ಟ ತೂತುಗಲ್ಲಿನಲ್ಲಿರುತ್ತದೆ. ಹರಳು ತುಂಬಿ ತೂತು ಮುಚ್ಚಿದ್ದರೆ ಅಥವಾ ಬಿರುಕಿಲ್ಲದ ನಡುಭಾಗ ಸಿಕ್ಕರೆ ಒರತೆ ಕಡಿಮೆ.