ನಾಲ್ಕೂವರೆ ತಿಂಗಳಿಗೆ ರಾಗಿ ಸರಿ ಬೇಡ, ಆರು ತುಂಬಿದ ಮೇಲೆ ಕೊಡುವಾಗ ನೀರು ಮಾಡಬೇಡಿ

ಹೆಣ್ಮಗು, 4 ತಿಂಗಳು 12 ದಿನ, ಹುಟ್ಟಿದಾಗ 3 ಕೆಜಿ, ಈಗ 6.2. ರಾತ್ರಿ ನಾಲ್ಕು ಸಲ ಏಳ್ತಾಳೆ, ನಾವು ಊಟಕ್ಕೆ ಕೂತ್ರೆ ತಟ್ಟೆನೇ ನೋಡ್ತಾಳೆ, ಹಾಲು ಸಾಲ್ತಿಲ್ಲ ಅಂತ ಅತ್ತೆ ಹೇಳ್ತಿದ್ದಾರೆ, ಸೋಮವಾರದಿಂದ ಬಾಟಲಿಯಲ್ಲಿ ತೆಳ್ಳಗೆ ರಾಗಿ ಸರಿ ಶುರು ಅಂತ ಪೋಸ್ಟಲ್ಲಿ ಬರೆದಿದ್ದೀರಲ್ಲ, ದಯವಿಟ್ಟು ಸೋಮವಾರ ಬೇಡ. ಅದರ ಕೆಳಗೆ "ಕೊಡಿ ಕೊಡಿ, ನಮ್ಮ ಕಾಲದಲ್ಲಿ ಮೂರಕ್ಕೇ ಕೊಡ್ತಿದ್ರು" ಅಂತ ಬರೆದವರನ್ನ ಸದ್ಯಕ್ಕೆ ಬಿಡಿ. ಮೊದಲನೇ ಮಗುವಿಗೆ ನಾನೂ ಇದೇ ತಪ್ಪು ಮಾಡಿದ್ದೆ, ಅದಕ್ಕೇ ಉದ್ದ ಆಗ್ತಿದೆ.

ಹಾಲು ಸಾಲ್ತಿದೆಯೋ ಇಲ್ವೋ ಅನ್ನೋದಕ್ಕೆ ಲೆಕ್ಕ ಇದೆ. ತೂಕ ಆಗಲೇ ಹುಟ್ಟಿದಾಗಿನ ಎರಡರಷ್ಟು ದಾಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ 4 ತಿಂಗಳ ಹೆಣ್ಮಗುವಿನ ನಡುಮಟ್ಟ 6.4 ಕೆಜಿ, ಕಡಿಮೆ ತೂಕ ಅನ್ನೋ ಗೆರೆ ಇರೋದು 5 ಕೆಜಿಗೆ. ತಾಯಿ ಕಾರ್ಡಿನ ಗ್ರಾಫಲ್ಲಿ ಚುಕ್ಕಿ ಹಾಕಿ ನೋಡಿ, ಗೆರೆ ಮೇಲಕ್ಕೆ ಹೋಗ್ತಿದ್ರೆ, ದಿನಕ್ಕೆ ಆರು ಸಲ ಚೆನ್ನಾಗಿ ಉಚ್ಚೆ ಹೊಯ್ತಿದ್ರೆ ಹಾಲು ಸಾಲ್ತಿದೆ. ರಾತ್ರಿ ಏಳೋದು ನಾಲ್ಕನೇ ತಿಂಗಳ ಸುತ್ತಮುತ್ತ ನಿದ್ದೆಯ ಕ್ರಮ ಬದಲಾಗೋದರಿಂದ. ಜೊತೆಗೆ ಈ ವಯಸ್ಸಲ್ಲಿ ಹಗಲು ಹಾಲು ಕುಡೀತಾ ಕುಡೀತಾ ಫ್ಯಾನು, ಟಿವಿ ಕಡೆ ತಿರುಗಿಬಿಡ್ತಾರೆ, ಬಾಕಿ ಇದ್ದದ್ದನ್ನ ರಾತ್ರಿ ವಸೂಲಿ ಮಾಡ್ತಾರೆ. ಹಗಲಿನ ಎರಡು ಮೂರು ಫೀಡ್ ಕತ್ತಲೆ ರೂಮಲ್ಲಿ ಕೊಟ್ಟು ನೋಡಿ.

ಇನ್ನು ತಟ್ಟೆ ನೋಡೋದು. ನಾಲ್ಕು ತಿಂಗಳ ಮಗು ಮೊಬೈಲನ್ನೂ ಹಾಗೇ ನೋಡುತ್ತೆ, ಚಾರ್ಜರ್ ವೈರನ್ನೂ ಹಾಗೇ ನೋಡುತ್ತೆ. ಕೈ ಬಾಯಿಗೆ ಹಾಕೋದು, ಜೊಲ್ಲು ಸುರಿಸೋದು ಕೂಡ ಊಟಕ್ಕೆ ತಯಾರು ಅನ್ನೋ ಸೂಚನೆ ಅಲ್ಲ, ಹಲ್ಲು ಬರೋದಕ್ಕೂ ಊಟ ಶುರು ಮಾಡೋದಕ್ಕೂ ಸಂಬಂಧ ಇಲ್ಲ. ನೋಡಬೇಕಾದ್ದು ಮೂರು, ಮೂರೂ ಒಟ್ಟಿಗೆ ಇರಬೇಕು. ಬೆನ್ನಿಗೆ ಆಧಾರ ಕೊಟ್ಟು ಕೂರಿಸಿದಾಗ ಕತ್ತು ಓಲಾಡದೆ ನಿಲ್ಲಬೇಕು. ಬಾಯಿಗೆ ಹೋದದ್ದನ್ನ ನಾಲಿಗೆ ಹೊರಕ್ಕೆ ತಳ್ಳೋದು ನಿಂತಿರಬೇಕು. ಸ್ಪೂನು ಕಂಡ್ರೆ ಮುಂದಕ್ಕೆ ಬಾಗಿ ತಾನೇ ಬಾಯಿ ತೆರೀಬೇಕು. ಎರಡನೇದನ್ನ ಪರೀಕ್ಷೆ ಮಾಡೋದು ಸುಲಭ: ಆರು ತಿಂಗಳು ಹತ್ತಿರ ಆದಾಗ ಎದೆಹಾಲಿನ ನಾಲ್ಕು ಹನಿ ಸ್ಪೂನಲ್ಲಿ ಕೊಡಿ. ಪ್ರತಿ ಸಲ ಗಲ್ಲದ ಮೇಲೆ ವಾಪಸ್ ಬಂದ್ರೆ ಒಂದು ವಾರ ಬಿಟ್ಟು ಮತ್ತೆ ನೋಡಿ.

"ಆರು ತಿಂಗಳು" ಅನ್ನೋದರಲ್ಲೇ ನಮ್ಮವರು ಎಡವೋದು. ಆರು ತುಂಬಬೇಕು, ಅಂದ್ರೆ 180 ದಿನ. "ಆರನೇ ತಿಂಗಳು ನಡೀತಿದೆ" ಅಂದ್ರೆ ಐದು ತುಂಬಿದೆ ಅಷ್ಟೆ. ಹೆಣ್ಮಕ್ಕಳಿಗೆ ಬೆಸ ತಿಂಗಳು ಅಂತ ಐದರಲ್ಲಿ ಅನ್ನಪ್ರಾಶನ ಇಟ್ಕೊಂಡ್ರೆ ಮಗುವಿಗೆ ನಾಲ್ಕೂ ಚಿಲ್ಲರೆ ಆಗಿರುತ್ತೆ. ಏಳರಲ್ಲಿ ಇಟ್ಕೊಳ್ಳಿ, ಶಾಸ್ತ್ರಕ್ಕೂ ಸರಿ, ಮಗುವಿಗೂ ಸರಿ. ದಿನ ತುಂಬದೆ ಹುಟ್ಟಿದ ಮಗುವಾದ್ರೆ ಹುಟ್ಟಿದ ದಿನದಿಂದ ಎಣಿಸಬೇಡಿ, ಡ್ಯೂ ಡೇಟಿಂದ ಎಣಿಸಿ, ಡಾಕ್ಟರ್ ಹತ್ರ ಖಚಿತ ಮಾಡ್ಕೊಳ್ಳಿ. 34 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳಿಗೆ ಹೀಗೆ ಎಣಿಸಿ ನಾಲ್ಕು ತಿಂಗಳಿಗೆ ಶುರು ಮಾಡೋದಾ, ಆರಕ್ಕಾ ಅಂತ ದೆಹಲಿಯಲ್ಲಿ ಅಧ್ಯಯನ ಆಗಿ 2017ರಲ್ಲಿ ಪ್ರಕಟವಾಗಿದೆ. ಒಂದು ವರ್ಷಕ್ಕೆ ತೂಕದಲ್ಲಿ ವ್ಯತ್ಯಾಸ ಇರಲಿಲ್ಲ, ನಾಲ್ಕಕ್ಕೆ ಶುರು ಮಾಡಿದ ಗುಂಪಿನ ಮಕ್ಕಳು ಆಸ್ಪತ್ರೆ ಸೇರಿದ್ದು ಮಾತ್ರ ಜಾಸ್ತಿ.

ಹಾಗಂತ ಎಂಟು ತಿಂಗಳವರೆಗೆ ಎಳೆಯೋದೂ ತಪ್ಪು. ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣಾಂಶ ಸುಮಾರು ಆರು ತಿಂಗಳಿಗೆ ಕರಗಿರುತ್ತೆ, ಎದೆಹಾಲಲ್ಲಿ ಇರೋದು ಬಹಳ ಕಡಿಮೆ.

ಈಗ ಆ ತೆಳ್ಳಗಿನ ಸರಿಯ ವಿಷಯ. ಒಂದು ಸ್ಪೂನು ಅಂದ್ರೆ 10 ಗ್ರಾಂ ರಾಗಿ ಹಿಟ್ಟಲ್ಲಿ ಇರೋದು 32 ಕ್ಯಾಲೊರಿ. ಅದನ್ನ 200 ಮಿ.ಲೀ ನೀರಲ್ಲಿ ಕಾಯಿಸಿ ಬಾಟಲಿಗೆ ಹಾಕ್ತೀರಿ. ಅದೇ 200 ಮಿ.ಲೀ ಎದೆಹಾಲಲ್ಲಿ 130 ಕ್ಯಾಲೊರಿ ಇದೆ. ಮಗುವಿನ ಹೊಟ್ಟೆ ಹಿಡಿಯೋದು ಕೆಜಿ ತೂಕಕ್ಕೆ ಸುಮಾರು 30 ಗ್ರಾಂ, ನಿಮ್ಮ ಮಗುವಿಗೆ 186. ಅಂದ್ರೆ ಕಾಲುಭಾಗ ಶಕ್ತಿಯೂ ಇಲ್ಲದ ನೀರಲ್ಲಿ ಹೊಟ್ಟೆ ತುಂಬಿಸಿ, ಮಗು ಹಾಲು ಕಡಿಮೆ ಕುಡಿದು, ಕುಡಿಯೋದು ಕಡಿಮೆ ಆದ್ದರಿಂದ ನಿಮ್ಮ ಹಾಲೂ ಇಳಿದು, ಕೊನೆಗೆ "ಹೇಳಿದ್ನಲ್ಲ, ಹಾಲು ಸಾಲಲ್ಲ" ಅನ್ನಿಸ್ಕೋತೀರಿ. ಬೇಳೆ ಕಟ್ಟು, ಅನ್ನದ ಗಂಜಿ ತಿಳಿ, ಕ್ಯಾರೆಟ್ ಸೂಪಿಗೂ ಇದೇ ಮಾತು. ಬೇಳೆ ಕೊಡಿ, ಕಟ್ಟು ನೀವು ಸಾರು ಮಾಡ್ಕೊಳ್ಳಿ.

ಆರು ತುಂಬಿದ ಮೇಲೆ ಮಾಡಿದಾಗ ಸ್ಪೂನು ಓರೆ ಮಾಡಿ ನೋಡಿ. ನೀರಿನ ಹಾಗೆ ಸುರಿದ್ರೆ ತೆಳು. ಒಂದು ಕ್ಷಣ ತಡೆದು ಜಾರಿ ಬೀಳಬೇಕು. "ಗಟ್ಟಿ ಮಾಡಿದ್ರೆ ಅಂಟಂಟಾಗಿ ಮಗು ನುಂಗಲ್ಲ" ಅನ್ನೋದು ನಿಜ. ಅದಕ್ಕೆ ಮದ್ದು ನೀರಲ್ಲ, ಮೊಳಕೆ ಹಿಟ್ಟು. ರಾಗಿ 12 ಗಂಟೆ ನೆನೆಸಿ (ನಡುವೆ ಎರಡು ಸಲ ನೀರು ಬದಲಿಸಿ), ಒದ್ದೆ ಬಟ್ಟೆಯಲ್ಲಿ ಕಟ್ಟಿ 24ರಿಂದ 36 ಗಂಟೆ ಬಿಡಿ. ಮೊಳಕೆ ಕಾಳಿನುದ್ದಕ್ಕಿಂತ ಸ್ವಲ್ಪ ಜಾಸ್ತಿ ಬಂದ್ರೆ ಸಾಕು, ಬಿಟ್ರೆ ಕಹಿ. ತೆಳ್ಳಗೆ ಹರಡಿ ಒಂದೇ ದಿನದಲ್ಲಿ ಗರಿಗರಿಯಾಗಿ ಒಣಗಬೇಕು. ಮಳೆಗಾಲದಲ್ಲಿ ಈ ಸಾಹಸ ಬೇಡ. ಹುಳಿ ವಾಸನೆ, ಬಿಳಿ ಬೂಷ್ಟು ಕಂಡ್ರೆ "ಹುರಿದ್ರೆ ಹೋಗುತ್ತೆ" ಅಂತ ಇಟ್ಕೋಬೇಡಿ, ಬಿಸಾಡಿ. ಒಣಗಿದ ಮೇಲೆ ಎರಡು ಪಾಲು ಮಾಡಿ. ಒಂದು ಪಾಲು ಘಮ ಬರೋವರೆಗೆ ಹುರಿದು ಪುಡಿ ಮಾಡಿ ಮಲ್ ಬಟ್ಟೆಯಲ್ಲಿ ಜರಡಿ ಹಿಡೀರಿ, ಅದು ಸರಿ ಹಿಟ್ಟು. ಇನ್ನೊಂದು ಪಾಲನ್ನ ಹುರೀಬೇಡಿ, ಹಾಗೇ ಪುಡಿ ಮಾಡಿ ಬೇರೆ ಡಬ್ಬದಲ್ಲಿಡಿ. ಮೊಳಕೆ ಬಂದಾಗ ಕಾಳಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ, ಪಿಷ್ಟವನ್ನ ಕತ್ತರಿಸೋದು ಅದೇ. ಹುರಿದ್ರೆ ಸತ್ತುಹೋಗುತ್ತೆ.

ಸರಿ ಹಿಟ್ಟು 20 ಗ್ರಾಂ (ಎರಡು ತುಂಬು ಟೇಬಲ್ ಸ್ಪೂನ್), ನೀರು 120 ಮಿ.ಲೀ. ತಣ್ಣೀರಲ್ಲೇ ಗಂಟಿಲ್ಲದೆ ಕಲಸಿ ಆಮೇಲೆ ಒಲೆಗಿಡಿ, ಸಣ್ಣ ಉರಿಯಲ್ಲಿ ಎಂಟು ನಿಮಿಷ. ಮುದ್ದೆಗೆ ಹತ್ತಿರ ಬರುತ್ತೆ, ಹೆದರಬೇಡಿ. ಇಳಿಸಿ, ಬೆರಳು ಮುಟ್ಟಿದ್ರೆ ಚುರುಕ್ ಅನ್ನೋ ಬಿಸಿಗೆ ಬಂದಾಗ ಹುರಿಯದ ಹಿಟ್ಟು ಅರ್ಧ ಟೀ ಸ್ಪೂನ್ ಹಾಕಿ ತಿರುವಿ. ಹತ್ತು ನಿಮಿಷದಲ್ಲಿ ಒಂದು ಹನಿ ನೀರು ಹಾಕದೆ ತಾನೇ ಸಡಿಲ ಆಗುತ್ತೆ. ಕುದೀತಿರೋವಾಗ ಹಾಕಿದ್ರೆ ಕಿಣ್ವ ಸತ್ತು ಏನೂ ಆಗಲ್ಲ, ಪೂರ್ತಿ ಆರಿದ ಮೇಲೆ ಹಾಕಿದ್ರೆ ಕೆಲಸ ಬಹಳ ನಿಧಾನ. ಸಡಿಲ ಆದ ಮೇಲೆ ಮತ್ತೆ ಒಲೆಗಿಟ್ಟು ಎರಡು ನಿಮಿಷ ಕುದಿಸಲೇಬೇಕು, ಹಸಿ ಮೊಳಕೆ ಹಿಟ್ಟಲ್ಲಿ ಸೋಂಕಿನ ಭಯ ಇರುತ್ತೆ. ಕೊನೆಗೆ ಅರ್ಧ ಟೀ ಸ್ಪೂನ್ ತುಪ್ಪ. ಅಕ್ಕಿ-ಹೆಸರುಬೇಳೆಗೂ ಇದೇ ಉಪಾಯ ನಡೆಯುತ್ತೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಮೊಳಕೆ ರಾಗಿ, ಹೆಸರುಕಾಳಿನ ಶಿಶು ಆಹಾರದ ಮೇಲೆ ಎಷ್ಟೋ ವರ್ಷದ ಹಿಂದೆಯೇ ಕೆಲಸ ಮಾಡಿದ್ದಾರೆ, ಇದು ನನ್ನ ಕಂಡುಹಿಡಿತ ಅಲ್ಲ.

ಮೊದಲ ವಾರ ಎರಡು ಮೂರು ಸ್ಪೂನು, ದಿನಕ್ಕೆ ಎರಡು ಸಲ. ನಿಧಾನಕ್ಕೆ 250 ಮಿ.ಲೀ ಬಟ್ಟಲಿನ ಅರ್ಧಕ್ಕೆ ಬನ್ನಿ. ಒಂಬತ್ತು ತಿಂಗಳ ಹೊತ್ತಿಗೆ ಮೂರು ನಾಲ್ಕು ಸಲ, ಮಿಕ್ಸಿ ಬಿಟ್ಟು ಕೈಯಲ್ಲಿ ಹಿಸುಕಿದ್ದು. ಮಿಕ್ಸಿಗೇ ಅಂಟಿಕೊಂಡ್ರೆ ಒಂದು ವರ್ಷಕ್ಕೆ ಅನ್ನದ ಅಗುಳು ಕಂಡ್ರೆ ಉಗಿಯುತ್ತೆ. ಮುಂಚಿನಷ್ಟೇ ಎದೆಹಾಲು ಇರಲಿ. ಉಪ್ಪು ಒಂದು ವರ್ಷ ಬೇಡ, ಸಕ್ಕರೆ, ಬೆಲ್ಲ ಎರಡು ವರ್ಷ ಬೇಡ.

ರಾಗಿಯಲ್ಲಿ ಕಬ್ಬಿಣ ಇದೆ ಅಂತ ರಾಗಿ ಒಂದನ್ನೇ ನಂಬಬೇಡಿ. ಅದರ ಹೆಚ್ಚುಗಾರಿಕೆ ಕ್ಯಾಲ್ಸಿಯಂ, 100 ಗ್ರಾಂಗೆ 364 ಮಿ.ಗ್ರಾಂ. ಕಬ್ಬಿಣ ಇರೋದು ನಾಲ್ಕೂವರೆ ಮಿ.ಗ್ರಾಂ ಚಿಲ್ಲರೆ, ಅದನ್ನೂ ರಾಗಿಯಲ್ಲೇ ಇರೋ ಫೈಟೇಟು, ಟ್ಯಾನಿನ್ನು ಅನ್ನೋ ಅಂಶಗಳು ಮೈಗೆ ಹತ್ತದ ಹಾಗೆ ಹಿಡಿದಿಟ್ಟಿರುತ್ತವೆ. ಎರಡನೇ ವಾರದಿಂದಲೇ ಬೇಳೆ, ಪೂರ್ತಿ ಬೆಂದ ಮೊಟ್ಟೆ (ಬಿಳಿ ಸಮೇತ), ತಿನ್ನೋರಾದ್ರೆ ನುಣ್ಣಗೆ ಅರೆದ ಕೋಳಿ, ಮುಳ್ಳು ತೆಗೆದ ಮೀನು ಬರಲಿ. ಬೇಳೆಗೆ ನಾಲ್ಕು ಹನಿ ನಿಂಬೆರಸ ಹಿಂಡಿ, ಕಬ್ಬಿಣ ಮೈಗೆ ಹತ್ತೋದಕ್ಕೆ. ಆಶಾ ಕಾರ್ಯಕರ್ತೆ ಕೊಡೋ ಕಬ್ಬಿಣದ ಸಿರಪ್ಪು ಆರು ತಿಂಗಳ ನಂತರ ವಾರಕ್ಕೆ ಎರಡು ಸಲ 1 ಮಿ.ಲೀ. ಎಷ್ಟು ಮನೆಗಳಲ್ಲಿ ಅದು ಫ್ರಿಜ್ ಬಾಗಿಲಲ್ಲಿ ಹಾಗೇ ಕೂತಿರುತ್ತೋ. ವಿಟಮಿನ್ ಡಿ ಹನಿ (ದಿನಕ್ಕೆ 400 ಯೂನಿಟ್) ಊಟ ಶುರು ಆಯ್ತು ಅಂತ ನಿಲ್ಲಿಸಬೇಡಿ, ಒಂದು ವರ್ಷದವರೆಗೆ ಬೇಕು.

ಕಡ್ಲೆಕಾಯಿ ಮೂರು ವರ್ಷ ಬೇಡ ಅನ್ನೋದು ಹಳೇ ಕಾಲದ ಮಾತು. ಬೇಗ ಕೊಟ್ಟವರಲ್ಲಿ ಅಲರ್ಜಿ ಕಡಿಮೆ ಅಂತ 2015ರಲ್ಲೇ ಲೀಪ್ ಅಧ್ಯಯನ ತೋರಿಸಿದೆ. ಇಡೀ ಬೀಜ ಅಲ್ಲ ಮತ್ತೆ! ಹುರಿದು ನುಣ್ಣಗೆ ಅರೆದದ್ದು ಕಾಲು ಟೀ ಸ್ಪೂನ್, ಸರಿಯಲ್ಲಿ ಸಡಿಲ ಮಾಡಿ, ಬೆಳಿಗ್ಗೆ ಹೊತ್ತು. ಮೈಮೇಲೆ ಜೋರು ಎಕ್ಸಿಮಾ (ಒಣಗಿ ತುರಿಸೋ ಚರ್ಮದ ತೊಂದರೆ) ಇದ್ರೆ ಮೊದಲು ಡಾಕ್ಟರ್. ಹೊಸದೊಂದು ಕೊಟ್ರೆ ಮೂರು ದಿನ ಅದರ ಜೊತೆ ಇನ್ನೊಂದು ಹೊಸದು ಬೇಡ.

ಅದಕ್ಕೇ ನಿಮ್ಮ ಫೋಟೋದಲ್ಲಿರೋ "18 ಧಾನ್ಯ, ಬಾದಾಮಿ, ಪಿಸ್ತಾ, ಏಲಕ್ಕಿ" ಪುಡಿ ನನಗೆ ಹಿಡಿಸಲಿಲ್ಲ. ಮೈಮೇಲೆ ದದ್ದು ಬಂದ್ರೆ ಹದಿನೆಂಟರಲ್ಲಿ ಯಾವುದನ್ನ ಬೈತೀರಿ? ಅಂಗಡಿ ಡಬ್ಬಗಳಲ್ಲಿ ಸಕ್ಕರೆ ನೋಡ್ಕೊಳ್ಳಿ. ಇಲ್ಲಿನ ಸೆರೆಲ್ಯಾಕ್‌ನಲ್ಲಿ ಸಕ್ಕರೆ ಸೇರಿಸಿದ್ದಾರೆ ಅಂತ ಸ್ವಿಸ್ ಸಂಸ್ಥೆ ಪಬ್ಲಿಕ್ ಐ 2024ರಲ್ಲಿ ಹೊರಹಾಕಿದ್ದು ನೆನಪಿರಬಹುದು. ಪ್ರಯಾಣಕ್ಕೆ ಒಂದು ಪ್ಯಾಕೆಟ್ಟು ಇರಲಿ, ದಿನಾ ಬೇಡ. ಮಗುವನ್ನ ಊಟಕ್ಕೆ ಕೂರಿಸೋ ಐಕಿಯಾದ ಬಿಳಿ ಕುರ್ಚಿ ತೊಳೆಯೋಕೆ ಸುಲಭ, ಆದ್ರೆ ಕಾಲಿಗೆ ಆಧಾರ ಇಲ್ಲ. ಕಾಲು ನೇತಾಡಿದ್ರೆ ಮಗು ವಾಲುತ್ತೆ, ಒಂದು ಮಣೆ ಕಟ್ಟಿ.

ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಲ್ಲಿ ಹುಯ್ಯೋದು, ಮೂಗು ಹಿಡಿದು ನುಂಗಿಸೋದು ಮನೆಯಲ್ಲಿ ಯಾರೇ ಮಾಡಿದ್ರೂ ನಿಲ್ಲಿಸಿ, ಶ್ವಾಸಕೋಶಕ್ಕೆ ಹೋಗುತ್ತೆ. ಕೂರಿಸಿಯೇ ಕೊಡಿ. ಮುಖ ಕೆಂಪಾಗಿ ಸದ್ದು ಮಾಡ್ತಾ ಓಕರಿಸಿದ್ರೆ ಬಿಡಿ, ಅದೇ ಸರಿ ಮಾಡ್ಕೊಳ್ಳುತ್ತೆ. ಸದ್ದೇ ಇಲ್ಲದೆ ತುಟಿ ನೀಲಿ ಆದ್ರೆ ತಲೆ ತಗ್ಗಾಗಿ ಬೋರಲು ಹಿಡಿದು ಬೆನ್ನಿಗೆ ಐದು ಏಟು, ತಿರುಗಿಸಿ ಎದೆ ಮೂಳೆ ಮೇಲೆ ಒಂದು ಅಂಗೈಯ ಬುಡದಿಂದ ಐದು ಒತ್ತು, ಇನ್ನೊಬ್ಬರು 108ಕ್ಕೆ ಫೋನ್. ಬಾಯೊಳಗೆ ಕುರುಡಾಗಿ ಬೆರಳು ಹಾಕಿ ತಡಕಬೇಡಿ.

ಅನ್ನಪ್ರಾಶನದ ದಿನ ಪಾಯಸದ ಒಂದು ಅಗುಳು ಹಿಸುಕಿ ತುಟಿಗೆ ಮುಟ್ಟಿಸಿದ್ರೆ ಶಾಸ್ತ್ರ ಆಯ್ತು. ಯಾರಾದ್ರೂ ಜೇನುತುಪ್ಪ ನೆಕ್ಕಿಸೋಕೆ ಬಂದ್ರೆ ಮುಲಾಜಿಲ್ಲದೆ ಬೇಡ ಅನ್ನಿ, ಒಂದು ವರ್ಷದೊಳಗೆ ಬಾಟುಲಿಸಂ ಅನ್ನೋ ಅಪಾಯಕಾರಿ ವಿಷಬಾಧೆಯ ಭಯ ಇದೆ. ಮುಂದಿನ ತೂಕ ಯಾವಾಗ ನೋಡ್ತೀರೋ ಆಗ ತಾಯಿ ಕಾರ್ಡಿನ ಗ್ರಾಫ್ ಪುಟದ ಫೋಟೋ ಹಾಕಿ, ಹೆಸರು ನಂಬರ್ ಮುಚ್ಚಿ.