ಬಿ.ಪಿ. ಮಾತ್ರೆ ಬಿಟ್ಟು ಗಿಡಮೂಲಿಕೆ ಶುರು ಮಾಡಬಹುದಾ?

ಬೆಳ್ಳುಳ್ಳಿ, ಬೀಟ್‌ರೂಟ್ ರಕ್ತನಾಳ ಸಡಿಲಿಸುತ್ತವಂತೆ, ಹಾಗಾದರೆ ಅಪ್ಪನ ಮಾತ್ರೆ ಬಿಡಿಸಲಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು.

ನಾವು ಗದಗಿನವರು. ಅವ್ವನಿಗೆ ಬಿ.ಪಿ. ಹಳೆಯದು. ಮಾತ್ರೆ ಜೊತೆ ದಿನಾ ಹಸಿ ಬೆಳ್ಳುಳ್ಳಿ ತಿನ್ನುತ್ತಿದ್ದಳು. ಒಂದು ಚಳಿಗಾಲ ಕೆಮ್ಮು ಹತ್ತಿತು. ಜ್ಯೇಷ್ಠಮಧು ತಂದು ಕಷಾಯ ಕುದಿಸಿ ಕೊಟ್ಟೆ. ಕೆಮ್ಮು ಹೋಯಿತು, ಕಷಾಯ ನಿಲ್ಲಲಿಲ್ಲ. ಆ ಸಿಹಿ ಅವಳಿಗೆ ಹಿಡಿಸಿತ್ತು. ಗಿಡದ್ದು ತಾನೇ ಅಂತ ನಾನೂ ತಡೆಯಲಿಲ್ಲ. ವಾರಗಳು ಕಳೆದಂತೆ ಬಿ.ಪಿ. ಏರುತ್ತಾ ಹೋಯಿತು. ನಾವು ಮಾತ್ರೆಯನ್ನು ಬೈದೆವು.

ಒಂದು ಬೆಳಿಗ್ಗೆ ರೊಟ್ಟಿ ಬಡಿಯಲು ಕೂತವಳಿಗೆ ಕೈ ಎತ್ತಲಾಗಲಿಲ್ಲ. ಹಿಟ್ಟಿನ ಮೇಲೆ ಅಂಗೈ ಇಟ್ಟು ಸುಮ್ನೆ ಕೂತುಬಿಟ್ಟಳು. ತೊಡೆಯಲ್ಲೂ ಬಲ ಇಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ. ಬೇರೆ ಏನಾದರೂ ತಗೋತಾರಾ ಅಂತ ಡಾಕ್ಟರ್ ಕೇಳಿದರು. ಇಲ್ಲ ಅಂದೆ. ಸುಳ್ಳು ಹೇಳಲಿಲ್ಲ, ಕಷಾಯ ನನ್ನ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಚಹಾ ಕುಡೀತಾರೆ ಅಂತ ಯಾರಾದರೂ ಡಾಕ್ಟರಿಗೆ ಹೇಳ್ತಾರಾ? ಆ ಒಂದು ‘ಇಲ್ಲ’ದಿಂದ ಕಿಡ್ನಿ, ಗ್ರಂಥಿ ಅಂತ ತಪಾಸಣೆಗಳ ಸಾಲೇ ನಡೆಯಿತು. ಅಷ್ಟು ದಿನವೂ ಮನೆಯಿಂದ ಫ್ಲಾಸ್ಕಿನಲ್ಲಿ ಅದೇ ಕಷಾಯ ಹೋಗುತ್ತಿತ್ತು. ನರ್ಸ್ ಒಬ್ಬರು ಫ್ಲಾಸ್ಕ್ ನೋಡಿ ಕೇಳಿದ್ದಕ್ಕೆ ಗೊತ್ತಾಯಿತು.

ಜ್ಯೇಷ್ಠಮಧುವಿನಲ್ಲಿ ಗ್ಲೈಸಿರೈಜಿನ್ ಅನ್ನುವ ಸಿಹಿ ಅಂಶ ಇದೆ. ಕಿಡ್ನಿಯಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ಸುಮ್ಮನಾಗಿಸುವ ಕಿಣ್ವವನ್ನು ಅದು ತಡೆಯುತ್ತದೆ. ಆಗ ಕಾರ್ಟಿಸಾಲ್ ಜೋರಾಗಿ ಉಪ್ಪು, ನೀರು ಮೈಯಲ್ಲೇ ನಿಲ್ಲುತ್ತವೆ, ಬಿ.ಪಿ. ಏರುತ್ತದೆ. ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ, ಕೈಕಾಲಿನ ಬಲ ಕುಗ್ಗುತ್ತದೆ. ಅವ್ವನ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಇತ್ತು. ಅದೂ ಪೊಟ್ಯಾಸಿಯಂ ಕಳೆಯುವಂಥದ್ದೇ. ಎರಡೂ ಕೂಡಿಕೊಂಡವು.

ಹಾಗಾಗಿ ಮಾತ್ರೆಯೋ ಗಿಡವೋ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಸರ್ಪಗಂಧದ ಬೇರು ಬಿ.ಪಿ. ಇಳಿಸುವುದನ್ನು ಮುಂಬೈನ ಡಾಕ್ಟರ್ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಅನ್ನುವ ಅಂಶ ಬೇರ್ಪಡಿಸಿದರು, ಅದು ಮಾತ್ರೆಯಾಯಿತು. ನಾಳ ಬಿಗಿಯಾಗಿಸು ಅಂತ ನರಗಳು ಕಳಿಸುವ ಸಂದೇಶವನ್ನೇ ಅದು ಕುಗ್ಗಿಸುತ್ತದೆ. ಡೋಸ್ ಜಾಸ್ತಿಯಾದರೆ ಮನಸ್ಸೂ ಕುಗ್ಗುತ್ತದೆ. ಬೇರನ್ನು ಅರೆದು ಕುಡಿಸಿದರೆ ಡೋಸ್ ಅಳೆಯೋರು ಯಾರು?

ನೀವು ಓದಿದ್ದು ಸುಳ್ಳಲ್ಲ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಅನಿಲ ಬಿಡುತ್ತದೆ, ಪಕ್ಕದ ಸ್ನಾಯು ಸಡಿಲವಾಗುತ್ತದೆ. ಈ ಸಂಶೋಧನೆಗೆ 1998ರಲ್ಲಿ ನೊಬೆಲ್ ಬಂತು. ಬೀಟ್‌ರೂಟಿನ ನೈಟ್ರೇಟನ್ನು ಬಾಯಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಅದರಿಂದಲೂ ಇದೇ ಅನಿಲ ಹುಟ್ಟುತ್ತದೆ. ಆದರೆ ಆ ಪರಿಣಾಮ ಕೆಲವು ಗಂಟೆಯದು. ಪುಂಡಿ ಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಧಾರಾಳ ಹಾಕಿ, ಅಪ್ಪನಿಗೆ ಬಡಿಸಿ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಕೆಲವನ್ನು ಥಟ್ಟನೆ ಬಿಟ್ಟರೆ ಬಿ.ಪಿ. ಮೊದಲಿಗಿಂತ ಮೇಲೇರುತ್ತದೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಮನೆಯ ಪುಡಿ, ಬೇರು, ಲೇಹ್ಯ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ರಕ್ತ ತೆಳುವಾಗಿಸುವ ಮಾತ್ರೆಯೂ ಇದ್ದರೆ ಎಷ್ಟು ಬೆಳ್ಳುಳ್ಳಿ ತಿನ್ನಬಹುದು ಅಂತ ಆಗಲೇ ಕೇಳಿಬಿಡಿ, ಬೆಳ್ಳುಳ್ಳಿಗೂ ಸ್ವಲ್ಪ ಅದೇ ಗುಣ ಇದೆ.